ಗುಟ್ಟಿಗೂ ಒಂದು ಪಾಲುಪಟ್ಟಿ: ಮನೆತನದ ಪತ್ತೇದಾರಿ ಕಾದಂಬರಿಗೆ ಪಾತ್ರ ಕಟ್ಟುವ ಬಗೆ

ಪತ್ತೇದಾರಿ ಕಾದಂಬರಿ ಬರೆಯಲು ಕೂತವರು ಸಾಮಾನ್ಯವಾಗಿ ಹೆಣದಿಂದ ಶುರು ಮಾಡುತ್ತಾರೆ. ನಾನೂ ಹಾಗೇ ಮಾಡಿದ್ದೆ. ಹೆಣ ಸಿಕ್ಕಿತು, ಇನ್‌ಸ್ಪೆಕ್ಟರ್ ಬಂದರು, ಮನೆಯವರು ಒಬ್ಬೊಬ್ಬರಾಗಿ ಹೇಳಿಕೆ ಕೊಟ್ಟರು. ಎಂಬತ್ತು ಪುಟ ಬರೆದು ಗೆಳೆಯನ ಕೈಗಿಟ್ಟೆ. ಅವನು ಓದಿ, ‘ಇವರೆಲ್ಲ ಒಂದೇ ಮನೆಯವರು ಅಂತ ಅನ್ಸೋದೇ ಇಲ್ಲ ಮಾರಾಯ. ಬಸ್‌ಸ್ಟ್ಯಾಂಡಲ್ಲಿ ಒಟ್ಟಿಗೆ ನಿಂತವರ ಹಾಗಿದ್ದಾರೆ’ ಅಂದ. ಸಿಟ್ಟು ಬಂತು. ಆದರೆ ಅವನು ಹೇಳಿದ್ದು ಸರಿ ಇತ್ತು.

ಮನೆಯ ಗುಟ್ಟು ಹಂಚಿಕೆಯಾಗದ ಆಸ್ತಿ ಇದ್ದ ಹಾಗೆ. ಎಲ್ಲರಿಗೂ ಅದರಲ್ಲಿ ಪಾಲಿದೆ. ಒಬ್ಬರಿಗೆ ದೊಡ್ಡ ಪಾಲು, ಇನ್ನೊಬ್ಬರಿಗೆ ಚೂರು, ಮತ್ತೊಬ್ಬರಿಗೆ ಪಾಲಿದೆ ಅಂತಲೇ ಗೊತ್ತಿಲ್ಲ. ಪೂರ್ತಿ ಗುಟ್ಟು ಯಾರೊಬ್ಬರ ಕೈಯಲ್ಲೂ ಇರಬಾರದು. ಹೀಗೆ ಯೋಚಿಸಲು ಶುರು ಮಾಡಿದ ಮೇಲೆ ಪಾತ್ರಗಳು ತಾವಾಗಿಯೇ ಬೇರೆ ಬೇರೆ ಆದವು. ಆ ದಾರಿಯನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತೇನೆ. ಉದಾಹರಣೆಗೆ ಒಂದೇ ಕಥೆಯನ್ನು ಕೊನೆತನಕ ಇಟ್ಟುಕೊಳ್ಳೋಣ. ಮನೆ, ಜನ ಎಲ್ಲ ಕಲ್ಪನೆ. ಊರು, ಕಾಯ್ದೆ, ಅಣೆಕಟ್ಟು ಮಾತ್ರ ನಿಜ.

ಹೆಜ್ಜೆ 1: ಹೆಣಕ್ಕಿಂತ ಮೊದಲು ಗುಟ್ಟು

ಗುಟ್ಟನ್ನು ನಾಲ್ಕು ಸಾಲಲ್ಲಿ ಬರೆಯಿರಿ. ಅದಕ್ಕಿಂತ ಜಾಸ್ತಿ ಬೇಕಾದರೆ ನಿಮ್ಮ ಗುಟ್ಟು ಇನ್ನೂ ಗಟ್ಟಿಯಾಗಿಲ್ಲ ಅಂತ ಅರ್ಥ. ನಮ್ಮ ಕಥೆಯದ್ದು ಇದು:

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿ ಹಿನ್ನೀರಲ್ಲಿ ಸಾಗರ ತಾಲ್ಲೂಕಿನ ಒಂದು ಹವ್ಯಕರ ಮನೆಯ ತೋಟ, ಗದ್ದೆ ಎಲ್ಲ ಮುಳುಗಿದವು. ಅದರ ಹಿಂದಿನ ಮಳೆಗಾಲದಲ್ಲಿ, ಪರಿಹಾರದ ಹಣ ಬರುವ ಮೊದಲೇ, ಆ ಮನೆಯ ಹಿರಿಸೊಸೆ ಜ್ವರದಲ್ಲಿ ತೀರಿಕೊಂಡಳು. ಮನೆಯವರು ಸಾವನ್ನು ಮುಚ್ಚಿಟ್ಟರು, ಹೆಣವನ್ನು ಹಾಳುಬಾವಿಗೆ ಇಳಿಸಿದರು, ಅವಳ ಜಾಗಕ್ಕೆ ಘಟ್ಟದ ಕೆಳಗಿನಿಂದ ಇನ್ನೊಬ್ಬ ಹುಡುಗಿಯನ್ನು ತಂದು ಹೆಬ್ಬೆಟ್ಟು ಒತ್ತಿಸಿದರು.

ಗಮನಿಸಿ, ಇಲ್ಲಿ ಕೊಲೆಯೇ ಆಗಿಲ್ಲ. ಆದರೆ ಸತ್ತವಳಿಗೆ ಬೆಂಕಿ ಕೊಡಲಿಲ್ಲ, ಕರ್ಮ ಮಾಡಲಿಲ್ಲ, ತವರಿಗೆ ಸುದ್ದಿ ಕಳಿಸಲಿಲ್ಲ. ಅಂಥ ಮನೆಯಲ್ಲಿ ಇದು ಕೊಲೆಗಿಂತ ದೊಡ್ಡ ಪಾಪ. ‘ಕೊಲೆ ಇಲ್ಲದೆ ಪತ್ತೇದಾರಿ ಹೇಗೆ’ ಅಂತ ಕೇಳುವವರಿದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ, ಮನೆತನದ ಕಥೆಯಲ್ಲಿ ಕೊಲೆ ಅಗ್ಗದ ಗುಟ್ಟು. ಅದನ್ನು ಒಬ್ಬರೇ ಮಾಡಿ ಒಬ್ಬರೇ ಮುಚ್ಚಿಡಬಹುದು. ಇದಕ್ಕಾದರೆ ಇಡೀ ಮನೆ ಬೇಕು.

ಇನ್ನೊಂದು ಪರೀಕ್ಷೆ ಇದೆ. ಈ ಗುಟ್ಟು ಬೇರೆ ಊರಲ್ಲಿ, ಬೇರೆ ಕಾಲದಲ್ಲಿ ನಡೆಯಬಹುದಿತ್ತಾ ಅಂತ ಕೇಳಿಕೊಳ್ಳಿ. ನಮ್ಮದು ನಡೆಯುವುದಿಲ್ಲ. ಹಳ್ಳಿಯಲ್ಲಿ ಸೊಸೆ ಬದಲಾದರೆ ಮಾರನೇ ದಿನವೇ ಊರಿಗೆಲ್ಲ ಗೊತ್ತಾಗುತ್ತದೆ. ಆದರೆ ಮುಳುಗಡೆಯಲ್ಲಿ ಊರೇ ಚದುರಿತು. ಅಕ್ಕಪಕ್ಕದವರು ಎಲ್ಲೆಲ್ಲಿಗೋ ಹೋದರು. ಹೊಸ ಜಾಗದಲ್ಲಿ ಹಳೆಯ ಮುಖ ಬಲ್ಲವರೇ ಇಲ್ಲ. ಹೆಣವನ್ನು ಮುಚ್ಚಿದ್ದೂ ಅಣೆಕಟ್ಟೇ, ಮೋಸಕ್ಕೆ ದಾರಿ ಮಾಡಿದ್ದೂ ಅಣೆಕಟ್ಟೇ.

ಹೆಜ್ಜೆ 2: ಲಾಭ ಯಾರಿಗೆ, ಯಾವ ಕಾಯ್ದೆಯಲ್ಲಿ?

‘ಆಸ್ತಿಗಾಗಿ’ ಅಂತ ಬರೆದು ಕೈತೊಳೆದುಕೊಳ್ಳಬೇಡಿ. ಯಾವ ಆಸ್ತಿ, ಯಾರ ಹೆಸರಲ್ಲಿತ್ತು, ಯಾರು ಸತ್ತರೆ ಯಾರಿಗೆ ಹೋಗುತ್ತಿತ್ತು ಅನ್ನುವುದು ನಿಮಗೆ ಪೈಸೆ ಲೆಕ್ಕದಲ್ಲಿ ಗೊತ್ತಿರಬೇಕು. ಪಾತ್ರದ ಸ್ವಭಾವ ಅಲ್ಲಿಂದಲೇ ಹುಟ್ಟುತ್ತದೆ.

ನಮ್ಮ ಕಥೆಯ ಹಿರಿಸೊಸೆ ತಂದೆಗೆ ಒಬ್ಬಳೇ ಮಗಳು. 1958ರಲ್ಲಿ ಅವರು ತೀರಿಕೊಂಡಾಗ ತೋಟ ಅವಳಿಗೆ ಬಂತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಂ ನೋಡಿ. ಮಕ್ಕಳಿಲ್ಲದ ಹೆಂಗಸು ಉಯಿಲು ಬರೆಯದೆ ಸತ್ತರೆ, ಗಂಡನಿಂದ ಬಂದ ಆಸ್ತಿ ಗಂಡನ ವಾರಸುದಾರರಿಗೆ ಹೋಗುತ್ತದೆ. ತಂದೆ ತಾಯಿಯಿಂದ ಬಂದದ್ದು ಮಾತ್ರ ತಂದೆಯ ವಾರಸುದಾರರಿಗೆ ವಾಪಸ್ ಹೋಗುತ್ತದೆ. ಗಂಡನಿಗೂ ಸಿಗುವುದಿಲ್ಲ. ಅವಳಿಗೆ ಮಕ್ಕಳಿರಲಿಲ್ಲ. ಅಂದರೆ ಅವಳು ಸತ್ತ ಕ್ಷಣದಲ್ಲೇ ಆ ತೋಟ, ಅದರ ಪರಿಹಾರ, ಎಲ್ಲ ದಾಯಾದಿ ಚಿಕ್ಕಪ್ಪಂದಿರ ಪಾಲಾಗುತ್ತಿತ್ತು.

ಈಗ ಮಜಾ ನೋಡಿ. ಪೊಲೀಸರು ಯಾವಾಗಲೂ ಕೇಳುವ ಪ್ರಶ್ನೆ, ‘ಇವಳು ಸತ್ತರೆ ಯಾರಿಗೆ ಲಾಭ?’ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಅವಳು ಬದುಕಿದ್ದರೆ ಎಲ್ಲರಿಗೂ ಲಾಭ. ತನಿಖೆ ನೂರೈವತ್ತು ಪುಟ ತಪ್ಪು ದಾರಿಯಲ್ಲಿ ಹೋಗಲು ಇದೊಂದೇ ಸಾಕು. ನೀವು ಸುಳ್ಳು ಸುಳಿವು ಹುಡುಕಿಕೊಂಡು ಹೋಗಬೇಕಿಲ್ಲ.

ಕಥೆಯ ‘ಇವತ್ತು’ ಯಾವ ವರ್ಷ ಅನ್ನುವುದನ್ನೂ ಕಾಯ್ದೆ ನೋಡಿಯೇ ಆರಿಸಿ. ನಾನು 2003 ಇಟ್ಟುಕೊಂಡೆ. ಅದು ಕರ್ನಾಟಕಕ್ಕೆ ಸಾಲುಸಾಲು ಬರದ ಕಾಲ. ಜಲಾಶಯದ ಪೂರ್ಣ ಮಟ್ಟ 1819 ಅಡಿ. ಬೇಸಿಗೆಯಲ್ಲಿ ನೀರು ತುಂಬ ಇಳಿದಾಗ ಮುಳುಗಿದ ಹಳೆಯ ಹಿರೇಭಾಸ್ಕರ ಅಣೆಕಟ್ಟೇ ಎದ್ದು ಕಾಣುತ್ತದೆ. ಹಾಗಿರುವಾಗ ಒಂದು ಬಾವಿ ಕಾಣುವುದು ದೊಡ್ಡದಲ್ಲ. ಜೊತೆಗೆ ಇನ್ನೊಂದು ಅನುಕೂಲ ಇದೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಡುವ ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂತು. ಆದರೆ ಅದಕ್ಕೂ ಮೊದಲೇ ಮದುವೆಯಾದವರಿಗೆ ಪಾಲಿಲ್ಲ. ಕೇಂದ್ರದ ತಿದ್ದುಪಡಿ ಬಂದದ್ದು 2005ರಲ್ಲಿ. ಅಂದರೆ 2003ರಲ್ಲಿ ಈ ಮನೆಯ ಮಗಳಿಗೆ ಏನೂ ಸಿಗುವುದಿಲ್ಲ. ಅವಳ ಕಹಿಗೆ ಕಾರಣ ಇದೆ. ಅದೇ ಮಗಳನ್ನು 2010ಕ್ಕೆ ತಂದರೆ ಅವಳು ವಕೀಲರ ನೋಟಿಸು ಹಿಡಿದುಕೊಂಡು ಬರುವ ಬೇರೆಯೇ ಹೆಂಗಸಾಗುತ್ತಾಳೆ.

ಹೆಜ್ಜೆ 3: ವಯಸ್ಸಿನ ಲೆಕ್ಕ

ಇದು ಬೇಜಾರಿನ ಕೆಲಸ. ಆದರೂ ಮಾಡಲೇಬೇಕು. ಒಂದು ಹಾಳೆಯಲ್ಲಿ ಎಡಕ್ಕೆ ಹೆಸರು, ಮೇಲೆ ಇಸವಿ. ಗುಟ್ಟು ನಡೆದ 1963ರಲ್ಲಿ ಯಾರಿಗೆ ಎಷ್ಟು ವಯಸ್ಸು, 2003ರಲ್ಲಿ ಎಷ್ಟು.

ಸತ್ತ ಹಿರಿಸೊಸೆಗೆ 27. ಅವಳ ಗಂಡನಿಗೆ 34. ಅವನ ತಮ್ಮನಿಗೆ 28, ಈಗ 68. ತಮ್ಮನ ಹೆಂಡತಿಗೆ 24, ಈಗ 64. ಅವರ ಮಗಳಿಗೆ 5, ಈಗ 45. ಮಗ ಆಗ ಹುಟ್ಟಿರಲಿಲ್ಲ, ಈಗ 37. ತಂದ ಹುಡುಗಿಗೆ 19, ಈಗ 59. ಗೇಣಿ ಮಾಡುತ್ತಿದ್ದವನಿಗೆ 30, ಈಗ 70.

ಈ ಲೆಕ್ಕದಲ್ಲಿ ಒಂದು ವಯಸ್ಸು ಚಿನ್ನದಂಥದ್ದು. ಐದು ವರ್ಷದ ಮಗು. ನೋಡಿದ್ದು ನೆನಪಿರುತ್ತದೆ, ಅರ್ಥ ಆಗಿರುವುದಿಲ್ಲ. ಮೂರು ವರ್ಷವಾದರೆ ನೆನಪಿರುವುದಿಲ್ಲ. ಹತ್ತಾದರೆ ದೊಡ್ಡವರು ಕೂರಿಸಿಕೊಂಡು ಆಣೆ ಹಾಕಿಸುತ್ತಾರೆ. ಐದರ ಮಗುವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹೆಜ್ಜೆ 4: ಪಾಲುಪಟ್ಟಿ ಬರೆಯಿರಿ

ಈಗ ಪ್ರತಿಯೊಬ್ಬರ ಎದುರಿಗೆ ಮೂರು ಪ್ರಶ್ನೆಗೆ ಉತ್ತರ ಬರೆಯಿರಿ. ಇವರಿಗೆ ಏನು ಗೊತ್ತು? ಏನು ಗೊತ್ತಿದೆ ಅಂತ ತಪ್ಪು ತಿಳಿದಿದ್ದಾರೆ? ಬಾಯಿ ಬಿಟ್ಟರೆ ಏನು ಕಳೆದುಕೊಳ್ಳುತ್ತಾರೆ?

ಎರಡನೇ ಪ್ರಶ್ನೆಯನ್ನೇ ಜನ ಬಿಟ್ಟುಬಿಡುತ್ತಾರೆ. ಕಥೆ ನಡೆಸುವುದು ಅದೇ. ಉದಾಹರಣೆಗೆ ಮನೆಯ ಮಗ. ದೊಡ್ಡಪ್ಪ 1964ರಲ್ಲಿ ಕಾಶಿಗೆ ಹೋದವರು ವಾಪಸ್ ಬರಲಿಲ್ಲ ಅಂತ ಅವನು ಕೇಳಿ ಬೆಳೆದಿದ್ದಾನೆ. ಹಿನ್ನೀರಿನ ಬಾವಿಯಲ್ಲಿ ಮೂಳೆ ಸಿಕ್ಕಿತು ಅಂದ ಕೂಡಲೇ ಅದು ದೊಡ್ಡಪ್ಪನದೇ, ಅಪ್ಪನೇ ಏನೋ ಮಾಡಿದ್ದಾನೆ ಅಂತ ಅವನಿಗೆ ಖಾತ್ರಿ. ಅಪ್ಪನನ್ನು ಉಳಿಸಲು ಸುಳ್ಳು ಹೇಳಲು ಶುರು ಮಾಡುತ್ತಾನೆ. ಆಗದೇ ಇರುವ ಅಪರಾಧವನ್ನು ಮುಚ್ಚಲು ಹೋಗಿ ಆದ ಅಪರಾಧದ ಕಡೆಗೆ ಪೊಲೀಸರನ್ನು ಕರೆತರುತ್ತಾನೆ. ಇವನು ಖಳನಾಯಕ ಅಲ್ಲ. ತೋಟ ಮಾರಿ ಶಿವಮೊಗ್ಗದಲ್ಲಿ ಸೈಟು ತೆಗೆದುಕೊಳ್ಳಬೇಕು ಅಂದುಕೊಂಡಿರುವ ಸಾಮಾನ್ಯ ಮನುಷ್ಯ. ಓದುಗರು ಅವನನ್ನು ಅನುಮಾನಿಸಲಿ, ನೀವು ಮಾತ್ರ ಅವನಿಗೆ ಅನ್ಯಾಯ ಮಾಡಬೇಡಿ.

ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಬರುವ ತನಕ ಇದು ಗಂಡಸಿನ ಕಥೆಯಾಗಿಯೇ ಹೋಗಲಿ. ಸೊಂಟದ ಮೂಳೆ ನೋಡಿದರೆ ಗಂಡೋ ಹೆಣ್ಣೋ ಅಂತ ಪರಿಣತರಿಗೆ ತಿಳಿಯುತ್ತದೆ. ವರದಿಯಲ್ಲಿ ‘ಹೆಣ್ಣು’ ಅಂತ ಬಂದಾಗ ಮಗನ ಮುಖ ಹೇಗಾಯಿತು ಅನ್ನುವ ಒಂದು ಪ್ಯಾರಾ ಬರೆದರೆ ಸಾಕು, ಅವನ ಪಾತ್ರ ಪೂರ್ತಿಯಾಗುತ್ತದೆ.

ಹೆಜ್ಜೆ 5: ಸತ್ತವಳಿಗೆ ಬದುಕು ಕೊಡಿ

ಸತ್ತವರು ಸುಮ್ನೆ ಮೂಳೆ ಆಗಬಾರದು. ಆದರೆ ಪುಟಗಟ್ಟಲೆ ಹಿಂದಿನ ಕಥೆಯೂ ಬೇಡ. ಅವಳು ಬಿಟ್ಟುಹೋದ ಮೂರು ವಸ್ತು, ಅವಳ ಒಂದು ಅಭ್ಯಾಸ, ಅವಳು ಆಡಿದ ಒಂದು ಮಾತು. ಇಷ್ಟೇ ಸಾಕು. ನಮ್ಮವಳು ಹಲಸಿನ ಹಪ್ಪಳಕ್ಕೆ ಜೀರಿಗೆ ಹಾಕುತ್ತಿದ್ದಳು, ಮನೆಯಲ್ಲಿ ಬೇರೆ ಯಾರೂ ಹಾಕುವುದಿಲ್ಲ. ಅವಳ ಕಾಲುಂಗುರ ಬಾವಿಯಲ್ಲಿ ಸಿಕ್ಕಿದೆ. ಗಂಡ ಬದುಕಿರುವಾಗಲೇ ಸತ್ತವಳು ಅಂತ ಅದು ಹೇಳುತ್ತದೆ. ಪಿಎಸ್‌ಐಗೆ ಹೊಳೆಯುವ ಮೊದಲು ಮಹಜರಿಗೆ ಪಂಚರಾಗಿ ಬಂದವರ ಹೆಂಡತಿಗೆ ಇದು ಹೊಳೆಯಲಿ.

ಅವಳ ಗಂಡ? ಅವನು ಮೊದಲು ಒಪ್ಪಿಕೊಂಡ, ಆಮೇಲೆ ತಡೆಯಲಾರದೆ ಮನೆ ಬಿಟ್ಟ. ಅವನನ್ನು ಕೊನೆಯ ಅಧ್ಯಾಯದಲ್ಲಿ ಗಡ್ಡ ಬಿಟ್ಟ ಸನ್ಯಾಸಿಯಾಗಿ ವಾಪಸ್ ತರಬೇಡಿ, ದಯವಿಟ್ಟು.

ಹೆಜ್ಜೆ 6: ಗುಟ್ಟಿನೊಳಗೆ ಬದುಕಿದವಳು

ಇಡೀ ಕಾದಂಬರಿ ನಿಂತಿರುವುದು ಇವಳ ಮೇಲೆ. ಹತ್ತೊಂಬತ್ತರಲ್ಲಿ ಬಂದ ಬಡ ಹುಡುಗಿ. ಹೆಬ್ಬೆಟ್ಟು ಒತ್ತಿ ವಾಪಸ್ ಹೋಗಬೇಕಿತ್ತು. ಹೋಗಲಿಲ್ಲ. ಹೋದರೆ ಊಟಕ್ಕಿಲ್ಲ, ಇದ್ದರೆ ಒಂದು ಮನೆ ಇದೆ. ನಲವತ್ತು ವರ್ಷ ಇನ್ನೊಬ್ಬಳ ಹೆಸರಲ್ಲಿ ಬದುಕಿದಳು. ಮದುವೆಯಾಗದ ಗಂಡನಿಗಾಗಿ ಕುಂಕುಮ ಇಟ್ಟಳು. ಇನ್ನೊಬ್ಬಳ ಹೆಸರಲ್ಲಿ ಮತ ಹಾಕಿದಳು, ಪಡಿತರ ತಂದಳು. ಮನೆಯ ಮಕ್ಕಳನ್ನು ಎತ್ತಿ ಬೆಳೆಸಿದಳು.

ಇಂಥ ಪಾತ್ರ ಕಟ್ಟುವಾಗ ಎರಡು ತಪ್ಪು ಆಗುತ್ತವೆ. ಒಂದು, ಅವಳನ್ನು ಪಾಪದವಳನ್ನಾಗಿ ಮಾಡಿ ಅಳಿಸುತ್ತಲೇ ಇರುವುದು. ಇನ್ನೊಂದು, ಒಳಗೊಳಗೇ ಸಂಚು ಮಾಡುವವಳನ್ನಾಗಿ ಮಾಡುವುದು. ಎರಡೂ ಬೇಡ. ಅವಳು ಇವತ್ತು ಬೆಳಗ್ಗೆ ಎದ್ದು ಏನು ಮಾಡಿದಳು ಅಂತ ಬರೆಯಿರಿ. ಹಂಡೆಗೆ ಬೆಂಕಿ ಹಾಕಿದಳು, ಅಡಿಕೆಯ ಕೊನೆಕೊಯ್ಲಿನವರಿಗೆ ಎಷ್ಟು ಜನಕ್ಕೆ ಅಡಿಗೆ ಅಂತ ಕೇಳಿದಳು, ಸೊಸೆಗೆ ಬೈದಳು. ನಲವತ್ತು ವರ್ಷ ಅಭಿನಯ ಮಾಡಿದ ಮೇಲೆ ಅದು ಅಭಿನಯ ಅಲ್ಲ. ಅವಳೇ ಆ ಮನೆಯ ಹಿರಿಸೊಸೆ. ಗುಟ್ಟು ಹೊರಬಿದ್ದರೆ ಅವಳಿಗೆ ಆಸ್ತಿಗಿಂತ ಮೊದಲು ಹೋಗುವುದು ಅಡಿಗೆಮನೆ.

ಈಗ ನನಗೆ ತುಂಬ ಇಷ್ಟವಾದ ಸುಳಿವು. ಕಾಗದದ ಪ್ರಕಾರ ಅವಳು ಮನೆಯ ಹಿರಿಸೊಸೆ. ತಮ್ಮನ ಮಕ್ಕಳಿಗೆ ‘ದೊಡ್ಡಮ್ಮ’ ಆಗಬೇಕು. ಆದರೆ ಮನೆಯಲ್ಲಿ ಎಲ್ಲರೂ ಕರೆಯುವುದು ‘ಚಿಕ್ಕಮ್ಮ’. ಯಾಕೆ? ಐದು ವರ್ಷದ ಆ ಹುಡುಗಿಗೆ ದೊಡ್ಡಮ್ಮ ಯಾರು ಅಂತ ಗೊತ್ತಿತ್ತು. ಇವಳು ದೊಡ್ಡಮ್ಮ ಅಲ್ಲ. ಹೊಸದಾಗಿ ಬಂದವಳು, ಅಮ್ಮನಿಗಿಂತ ಚಿಕ್ಕವಳು, ಅದಕ್ಕೇ ಚಿಕ್ಕಮ್ಮ. ಬೈದರೂ ಮಗು ಬಿಡಲಿಲ್ಲ. ಆಮೇಲೆ ಹುಟ್ಟಿದವರು ಅಕ್ಕ ಕರೆದ ಹಾಗೇ ಕರೆದರು. ಊರಿಗೂ ರೂಢಿಯಾಯಿತು. ದೊಡ್ಡವರು ಕಾಗದವನ್ನೆಲ್ಲ ತಿದ್ದಿದರು. ಮಗುವಿನ ಬಾಯಿ ತಿದ್ದಲು ಆಗಲಿಲ್ಲ.

ನಮ್ಮಲ್ಲಿ ಅಮ್ಮನ ತಂಗಿಯೂ ಚಿಕ್ಕಮ್ಮ, ಚಿಕ್ಕಪ್ಪನ ಹೆಂಡತಿಯೂ ಚಿಕ್ಕಮ್ಮ, ಅಪ್ಪನ ಎರಡನೇ ಹೆಂಡತಿಯೂ ಚಿಕ್ಕಮ್ಮ. ಅದಕ್ಕೇ ಓದುಗರೂ ಮೊದಲ ಪುಟದಿಂದ ಆ ಪದವನ್ನು ನೋಡುತ್ತಲೇ ಇರುತ್ತಾರೆ, ಏನೂ ಅನಿಸುವುದಿಲ್ಲ. ಸುಳಿವನ್ನು ಎಲ್ಲರ ಕಣ್ಣೆದುರೇ ಇಟ್ಟು ಕಾಣದ ಹಾಗೆ ಮಾಡುವುದು ಅಂದರೆ ಇದು. ನಿಮ್ಮ ಕಥೆಯಲ್ಲೂ ಸಂಬಂಧದ ಪದಗಳನ್ನು ಹೀಗೆ ಒಂದು ಸಲ ಜಾಲಾಡಿ ನೋಡಿ. ಯಾರು ಯಾರನ್ನು ಏನಂತ ಕರೆಯುತ್ತಾರೆ, ಯಾರಿಗೆ ಬಹುವಚನ, ಯಾರಿಗೆ ಏಕವಚನ, ಯಾವಾಗ ಬದಲಾಯಿತು?

ಹೆಜ್ಜೆ 7: ಮುಚ್ಚಿಟ್ಟವರು

ಯಜಮಾನ, ಅಂದರೆ ತಮ್ಮ. ಎಲ್ಲ ತೀರ್ಮಾನ ಇವನದೇ. ಆದರೂ ದುಷ್ಟ ಅಲ್ಲ. ಮುಳುಗಡೆಯಲ್ಲಿ ಎಷ್ಟೋ ಮನೆಗಳಿಗೆ ಸರಿಯಾದ ಪರಿಹಾರವೇ ಸಿಗಲಿಲ್ಲ. ಶರಾವತಿ ಸಂತ್ರಸ್ತರ ಹಕ್ಕುಪತ್ರದ ಗೋಳು ಅರವತ್ತು ವರ್ಷವಾದರೂ ಮುಗಿದಿಲ್ಲ. ‘ಆ ಹಣ ಬಿಟ್ಟಿದ್ದರೆ ನಾವೂ ಕಾಡಲ್ಲಿ ಗುಡಿಸಲು ಹಾಕ್ಕೊಂಡು ಇರ್ತಿದ್ವಿ’ ಅಂತ ಅವನು ಹೇಳಿದಾಗ ಓದುಗರಿಗೆ ಒಂದು ಕ್ಷಣ ಹೌದಲ್ವಾ ಅನಿಸಬೇಕು. ಅನಿಸದಿದ್ದರೆ ಪಾತ್ರ ಸೋತಿತು.

ಅವನು ಕಾನೂನಿಗೆ ಹೆದರುವುದಿಲ್ಲ, ಪಿತೃಗಳಿಗೆ ಹೆದರುತ್ತಾನೆ. ಪ್ರತಿ ವರ್ಷ ಮಹಾಲಯದಲ್ಲಿ ತರ್ಪಣ ಕೊಡುವಾಗ ತೀರಿಹೋದವರ ಹೆಸರುಗಳ ನಡುವೆ ಅತ್ತಿಗೆಯ ಹೆಸರನ್ನೂ ಸಣ್ಣ ದನಿಯಲ್ಲಿ ಹೇಳುತ್ತಾನೆ. ಅದೇ ಹೆಸರಿನ ಹೆಂಗಸು ಒಳಗೆ ಪಾಯಸಕ್ಕೆ ಬೆಲ್ಲ ಕರಗಿಸುತ್ತಿದ್ದಾಳೆ. ಬದುಕಿದ್ದವರಿಗೆ ಯಾರಾದರೂ ತರ್ಪಣ ಬಿಡುತ್ತಾರಾ? ಮಂತ್ರದ ಓಟದಲ್ಲಿ ಯಾರಿಗೂ ಕೇಳುವುದಿಲ್ಲ. ಪುರೋಹಿತರಿಗೆ ಬಿಟ್ಟು.

ಪುರೋಹಿತರ ಪಾತ್ರಕ್ಕೆ ನಾಲ್ಕು ದೃಶ್ಯಕ್ಕಿಂತ ಜಾಸ್ತಿ ಕೊಡಬೇಡಿ. ಅವರಿಗೆ ಗೊತ್ತಿರುವುದು ಒಂದೇ, ಹೇಳಿಸಿದ ಹೆಸರು. ಕೇಳಿದರೆ ಸುಳ್ಳು ಹೇಳುವುದಿಲ್ಲ. ಆದರೆ ಯಾರೂ ಕೇಳಿಲ್ಲ.

ತಮ್ಮನ ಹೆಂಡತಿಗೆ ಮಾತ್ರ ಸಮಯ ಕೊಡಿ. ಸತ್ತವಳು ಅವಳ ಓರಗಿತ್ತಿ. ಇಬ್ಬರೂ ಒಟ್ಟಿಗೆ ರುಬ್ಬಿದವರು, ಒಟ್ಟಿಗೆ ಅತ್ತೆಯ ಬೈಗುಳ ತಿಂದವರು. ಆಮೇಲೆ ಬಂದವಳೂ ಓರಗಿತ್ತಿಯೇ. ಮೊದಲ ಎರಡು ವರ್ಷ ಅವಳು ಹೊಸಬಳ ಜೊತೆ ಮಾತೇ ಆಡಲಿಲ್ಲ. ಆಮೇಲೆ ಬಾಣಂತನದಲ್ಲಿ ಆ ಹೊಸಬಳೇ ನೋಡಿಕೊಂಡಳು. ಈಗ ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟಿರಲಾರರು. ಪೊಲೀಸರು ಬಂದಾಗ ಇವಳು ಯಾರನ್ನು ಉಳಿಸಬೇಕು? ಸತ್ತವಳ ಋಣವನ್ನೋ, ಬದುಕಿರುವವಳ ಋಣವನ್ನೋ? ಯಜಮಾನನ ಮೌನಕ್ಕಿಂತ ಇವಳ ಮೌನ ಭಾರ. ನಾನು ಮತ್ತೆ ಬರೆದರೆ ಕಾದಂಬರಿಯನ್ನು ಇವಳ ಕಡೆಯಿಂದಲೇ ಹೇಳಿಸಬಹುದು.

ಹೆಜ್ಜೆ 8: ಜಗಲಿಯ ಆಚೆ ನಿಂತವರು

ಮನೆಯ ಗುಟ್ಟು ಮನೆಯವರಿಗಿಂತ ಹೊರಗಿನವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಕೆಲಸದವರು, ಅಡಿಕೆ ಕೊಯ್ಯುವ ಕೊನೆಗೌಡ, ಗೇಣಿದಾರ. ಇವರನ್ನು ‘ನಿಷ್ಠಾವಂತ ಆಳು’ ಅಂತ ಒಂದೇ ಬಣ್ಣದಲ್ಲಿ ಬಳಿದುಬಿಡುವುದು ನಮ್ಮ ಹಳೆ ಚಾಳಿ.

ಸಾಗರ ಸೀಮೆಯಲ್ಲಿ ಕಥೆ ಇಟ್ಟರೆ 1951ರ ಕಾಗೋಡು ಸತ್ಯಾಗ್ರಹ ಬಿಟ್ಟು ಗೇಣಿದಾರನನ್ನು ಬರೆಯಲಾಗುವುದಿಲ್ಲ. ಗೇಣಿ ಭತ್ತ ಅಳೆಯುವ ಕೊಳಗದ ಜಗಳದಿಂದ ಎದ್ದ ಹೋರಾಟ ಅದು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ನಮ್ಮ ಗೇಣಿದಾರನಿಗೆ ಆಗ ಹದಿನೆಂಟು. ಅವನೂ ಜೈಲಿಗೆ ಹೋಗಿ ಬಂದವನು ಅಂತಿಟ್ಟುಕೊಳ್ಳಿ. ಒಡೆಯರಿಗೆ ತಲೆಬಾಗುವ ಆಳು ಅಲ್ಲ. ಹಾಗಿದ್ದೂ ಆ ರಾತ್ರಿ ಬಾವಿಯ ಮೇಲೆ ಕಲ್ಲುಚಪ್ಪಡಿ ಎಳೆದವನು ಅವನೇ. ಯಾಕೆ ಎಳೆದ? ಜ್ವರ ಬಂದಾಗ ಹೊಳೆ ದಾಟಿಸಿ ಡಾಕ್ಟರನ್ನು ಕರೆತರುತ್ತೇನೆ ಅಂದಿದ್ದು ಅವನು. ದೋಣಿ ಮಗುಚಿ, ವಾಪಸ್ ಬಂದಾಗ ತಡವಾಗಿತ್ತು. ಅವನು ಎಳೆದ ಚಪ್ಪಡಿಯಲ್ಲಿ ಅವನ ತಪ್ಪಿತಸ್ಥ ಭಾವವೂ ಇದೆ.

ಇವನ ಸುಳಿವು ತಹಶೀಲ್ದಾರ್ ಕಚೇರಿಯಲ್ಲಿದೆ. ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ಕ್ಕೆ ಜಾರಿಗೆ ಬಂತು. ಉಳುವವರು ಏಳನೇ ನಮೂನೆಯಲ್ಲಿ ಅರ್ಜಿ ಹಾಕಿದರು. ನಮ್ಮ ಊರುಗಳಲ್ಲಿ ಅದಕ್ಕೆ ‘ಡಿಕ್ಲರೇಶನ್ ಹಾಕೋದು’ ಅನ್ನುತ್ತಾರೆ. ಭೂನ್ಯಾಯಮಂಡಳಿಯಲ್ಲಿ ನಮ್ಮ ಯಜಮಾನ ಉಳಿದ ನಾಲ್ಕು ಗೇಣಿದಾರರ ಮೇಲೂ ತಕರಾರು ತೆಗೆದ. ಇವನೊಬ್ಬನ ಮೇಲೆ ಮಾತ್ರ ತೆಗೆಯಲಿಲ್ಲ. ಒಂದೇ ವಿಚಾರಣೆಗೆ ಜಮೀನು ಇವನ ಹೆಸರಿಗಾಯಿತು. ಇವನು ಬಾಯಿಬಿಟ್ಟು ಏನೂ ಕೇಳಿರಲಿಲ್ಲ. ಒಡೆಯರೂ ಏನೂ ಹೇಳಿರಲಿಲ್ಲ. ಕಡತದಲ್ಲಿ ಇಲ್ಲದ ತಕರಾರು ಕೂಡ ಸುಳಿವಾಗುತ್ತದೆ.

ಹೆಜ್ಜೆ 9: ಪತ್ತೆ ಮಾಡುವವರು ಇಬ್ಬರಿರಲಿ

ಓವರ್‌ಕೋಟು, ಪೈಪು, ಕಾರ್ಡಿನ ಮೇಲೆ ‘ಖಾಸಗಿ ಪತ್ತೇದಾರ’ ಅಂತ ಇರುವವರು ಸಾಗರದ ಹಳ್ಳಿಗೆ ಬಂದರೆ ಜನ ಕಾಫಿ ಕೊಟ್ಟು ಕಳಿಸುತ್ತಾರೆ. ಅಷ್ಟೇ. ಅಸಹಜ ಸಾವು ಅಂದಮೇಲೆ ಬರುವವರು ಪೊಲೀಸರು. 2003ರ ಕಥೆಯಾದರೆ ದಂಡಪ್ರಕ್ರಿಯಾ ಸಂಹಿತೆಯ 174ನೇ ಕಲಂ. 2024ರ ಜುಲೈ 1ರ ಆಚೆಗಿನ ಕಥೆಯಾದರೆ ನಾಗರಿಕ ಸುರಕ್ಷಾ ಸಂಹಿತೆಯ 194. ಠಾಣೆಯ ಬಾಯಲ್ಲಿ ಎರಡೂ ‘ಯುಡಿಆರ್’, ಅಂದರೆ ಅಸಹಜ ಸಾವಿನ ವರದಿಯ ಕೇಸೇ.

ನಾನು ಆರಿಸಿದ್ದು ವಿಜಯಪುರದಿಂದ ವರ್ಗವಾಗಿ ಬಂದ ಪಿಎಸ್‌ಐ. ಅಧಿಕಾರ ಇದೆ, ಊರಿನ ಭಾಷೆ ಇಲ್ಲ. ಕನ್ನಡವೇ, ಆದರೂ ಬೇರೆ. ಈ ಭಾಷೆಯ ತೊಡಕೇ ಕಥೆಗೆ ಬಂಗಾರ. ಮನೆಯ ಮಗಳು ಹೇಳಿಕೆ ಕೊಡುವ ದೃಶ್ಯ ಹೀಗೆ ಬರೆದಿದ್ದೆ:

‘ಆಯಿ ಬಾವಿ ಹತ್ರ ಕೂತ್ಕಂಡು ಅಳ್ತಾ ಇತ್ತು.’

‘ಅಳ್ತಾ ಇತ್ತು ಅಂದ್ರ? ಏನು, ಆಕಳಾ?’

‘ಅಲ್ಲ ಸಾರ್, ಆಯಿ.’

‘ಹಾಂ, ಆಯಿ. ಬರ್ಕೊಳ್ರೀ ರೈಟರ್.’

ಹವ್ಯಕರ ಮಾತಲ್ಲಿ ಹೆಂಗಸರಿಗೂ ‘ಬಂತು, ಹೋತು’ ಅನ್ನುತ್ತಾರೆ. ಸಾಗರ, ಶಿರಸಿ ಕಡೆಯ ಹವ್ಯಕರಿಗೆ ಆಯಿ ಅಂದರೆ ಅಮ್ಮ. ವಿಜಯಪುರದ ಪಿಎಸ್‌ಐಗೆ ಆಯಿ ಅಂದರೆ ಅಜ್ಜಿ. ಅವರು ಅಜ್ಜಿ ಅಂತಲೇ ಹೇಳಿಕೆ ಬರೆಸಿದರು. ಆ ಅಜ್ಜಿ ಸತ್ತು ಇಪ್ಪತ್ತು ವರ್ಷವಾಗಿದೆ. ಸತ್ತವರ ಮೇಲೆ ಅನುಮಾನ ತಿರುಗಿತು, ಬಾವಿಯ ಹತ್ತಿರ ಅತ್ತ ತಮ್ಮನ ಹೆಂಡತಿ ನೂರು ಪುಟ ತಪ್ಪಿಸಿಕೊಂಡಳು. ಯಾರೂ ಸುಳ್ಳು ಹೇಳಿಲ್ಲ. ಠಾಣೆಯ ರೈಟರ್ ಸ್ಥಳೀಯರು, ಅವರಿಗೆ ವ್ಯತ್ಯಾಸ ಗೊತ್ತು. ಸಾಹೇಬರು ಹೇಳಿದ್ದನ್ನು ತಿದ್ದುವುದು ಬೇಡ ಅಂತ ಸುಮ್ಮನಾದರು. ಸುಮ್ಮನಿರುವುದು ಆ ಮನೆಯೊಳಗಿನ ರೋಗ ಮಾತ್ರ ಅಲ್ಲ.

ಇನ್ನೊಬ್ಬಳು ಮೊಮ್ಮಗಳು, ಮಗಳ ಮಗಳು. ಇಪ್ಪತ್ತೊಂದು ವರ್ಷ. ರಜೆಗೆ ಅಜ್ಜನ ಮನೆಗೆ ಬಂದವಳು. ಪಿಎಸ್‌ಐ ಜಗಲಿಯಲ್ಲಿ ಕೂರುತ್ತಾರೆ, ಇವಳು ಅಡಿಗೆಮನೆ, ಅಟ್ಟ, ಬಚ್ಚಲು ಎಲ್ಲ ಕಡೆ ಓಡಾಡುತ್ತಾಳೆ. ‘ಇವರನ್ನ ಯಾಕೆ ಚಿಕ್ಕಮ್ಮ ಅಂತೀರಿ? ದೊಡ್ಡಮ್ಮ ಆಗಬೇಕಲ್ವಾ?’ ಅಂತ ಕೇಳಲು ಇವಳಿಗೆ ಮಾತ್ರ ಸಾಧ್ಯ. ಬುದ್ಧಿವಂತೆ ಅಂತಲ್ಲ, ಹೊರಗೆ ಬೆಳೆದವಳು ಅಂತ. ಪತ್ತೆದಾರರ ಪಾತ್ರಕ್ಕೆ ಬೇಕಾದದ್ದು ಜಾಣತನಕ್ಕಿಂತ ಜಾಗ. ಅವರು ಎಲ್ಲಿಗೆ ಹೋಗಬಲ್ಲರು, ಯಾರು ಅವರ ಮುಂದೆ ಬಾಯಿ ಬಿಡುತ್ತಾರೆ ಅನ್ನುವುದು. ಜೊತೆಗೆ ಕಳೆದುಕೊಳ್ಳಲು ಏನಾದರೂ ಇರಬೇಕು. ಈ ಹುಡುಗಿಗೆ ಊರಲ್ಲಿ ಎಲ್ಲರಿಗಿಂತ ಇಷ್ಟ ಚಿಕ್ಕಮ್ಮನೇ.

ಒಂದು ಸಣ್ಣ ವಿಷಯ. ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆಗಿದ್ದು 2025ರಲ್ಲಿ. ನಿಮ್ಮ 2003ರ ಪಿಎಸ್‌ಐ ಆ ದಂಡೆಗೆ ಹೋಗಬೇಕಾದರೆ ಲಾಂಚ್‌ಗೆ ಕಾಯಲೇಬೇಕು. ಕಾಯುವಾಗ ಅಕ್ಕಪಕ್ಕದವರು ಮಾತಾಡುತ್ತಾರೆ. ಆ ಅರ್ಧ ಗಂಟೆಯನ್ನು ಬಳಸಿಕೊಳ್ಳಿ.

ಹೆಜ್ಜೆ 10: ಕಾಗದಪತ್ರ

ಪ್ರತಿ ಕಾಗದದ ಹಿಂದೆಯೂ ಒಂದು ಪಾತ್ರದ ಕೈ ಇರಬೇಕು. ಇಲ್ಲದಿದ್ದರೆ ಕಚೇರಿ ದೃಶ್ಯ ಒಣಗುತ್ತದೆ. ಹಿರಿಸೊಸೆ ಬದುಕಿದ್ದಾಗ ತೋಟ ಅಡವಿಟ್ಟು ಒಂದು ಪತ್ರ ನೋಂದಾಯಿಸಿದ್ದಳು. 1989ರಲ್ಲಿ ‘ಅವಳೇ’ ಹೊಸ ತೋಟವನ್ನು ಮೈದುನನ ಮಗನಿಗೆ ದಾನಪತ್ರ ಮಾಡಿಕೊಟ್ಟಳು. ಉಪನೋಂದಣಿ ಕಚೇರಿಯಲ್ಲಿ ಹೆಬ್ಬೆಟ್ಟಿನ ಪುಸ್ತಕ ಇಟ್ಟಿರುತ್ತಾರೆ. ಎರಡು ಗುರುತು ಅಕ್ಕಪಕ್ಕ ಇಟ್ಟರೆ ಸಾಕು. ಕೊಳವೆ ದೀಪದ ಕೆಳಗೆ ಪುಸ್ತಕ ತೆರೆದಾಗ ಪಿಎಸ್‌ಐ ಏನನ್ನೂ ಹೇಳದೆ ಇಪ್ಪತ್ತು ಸೆಕೆಂಡು ನೋಡಲಿ.

ಪ್ರಶ್ನೆ ಒಂದೇ, ಆ ಪುಸ್ತಕ ನೋಡಬೇಕು ಅಂತ ಯಾರಿಗೆ ಹೊಳೆಯಬೇಕು? ನಾನು ಮೂರು ಸಲ ಬದಲಾಯಿಸಿದೆ. ಕೊನೆಗೆ ಹೇಳಿಕೆ ತಪ್ಪು ಬರೆದುಕೊಂಡ ಆ ರೈಟರ್‌ಗೇ ಕೊಟ್ಟೆ. ಅವರೇ ನಿವೃತ್ತಿಗೆ ಮೂರು ತಿಂಗಳಿರುವಾಗ ಬಾಯಿ ಬಿಡುತ್ತಾರೆ.

ಹೆಜ್ಜೆ 11: ಮಾತು, ಮತ್ತು ಮಾತಾಡದಿರುವುದು

ನಮ್ಮ ಮನೆಗಳಲ್ಲಿ ಗುಟ್ಟು ಮುಚ್ಚಿಡುವವರು ‘ನನಗೇನೂ ಗೊತ್ತಿಲ್ಲ’ ಅನ್ನುವುದಿಲ್ಲ. ‘ಕಾಫಿ ಕುಡೀತ್ರಾ’ ಅನ್ನುತ್ತಾರೆ. ಮಳೆಯ ಮಾತಾಡುತ್ತಾರೆ. ಅಡಿಕೆ ಕೊಳೆರೋಗದ ಮಾತಾಡುತ್ತಾರೆ. ಪ್ರತಿ ಪಾತ್ರಕ್ಕೂ ತಪ್ಪಿಸಿಕೊಳ್ಳುವ ಒಂದು ಸ್ವಂತ ದಾರಿ ಕೊಡಿ. ಯಜಮಾನ ಎಲೆಯಡಿಕೆ ಡಬ್ಬಿ ತೆಗೆಯುತ್ತಾನೆ. ಅವನ ಹೆಂಡತಿ ಒಳಗೆ ಹಾಲು ಉಕ್ಕುತ್ತದೆ ಅಂತ ಎದ್ದು ಹೋಗುತ್ತಾಳೆ. ಮಗ ಜೋರು ಮಾಡುತ್ತಾನೆ. ಗೇಣಿದಾರ ಎದುರಿಗೇ ಕೂತು ಸುಮ್ಮನಿರುತ್ತಾನೆ, ಅವನಿಗೆ ಯಾರ ಹೆದರಿಕೆಯೂ ಇಲ್ಲ. ಚಿಕ್ಕಮ್ಮ ಮಾತ್ರ ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಡುತ್ತಾಳೆ, ಬಹಳ ಸರಿಯಾಗಿ. ಮದುವೆಯ ತಿಥಿ, ತವರಿನ ಹೆಸರು, ತಂದೆ ಸತ್ತ ವರ್ಷ, ಎಲ್ಲ. ನಿಜವಾದ ಅರವತ್ತರ ಹೆಂಗಸಿಗೆ ಇಷ್ಟೆಲ್ಲ ಇಸವಿ ಸಮೇತ ನೆನಪಿರುತ್ತದಾ?

ಬರೆದಾದ ಮೇಲೆ ಒಂದು ಕೆಲಸ ಮಾಡಿ. ಸಂಭಾಷಣೆಯಲ್ಲಿ ಯಾರ ಮಾತು ಅನ್ನುವುದನ್ನು ಅಳಿಸಿ ಗಟ್ಟಿಯಾಗಿ ಓದಿ. ಯಾರದ್ದು ಅಂತ ತಿಳಿಯದಿದ್ದರೆ ಆ ಎರಡು ಪಾತ್ರಗಳು ಇನ್ನೂ ಬೇರೆಯಾಗಿಲ್ಲ. ಒಂದನ್ನು ತೆಗೆದುಹಾಕಲೂಬಹುದು. ನನ್ನ ಕಥೆಯಲ್ಲಿ ಒಬ್ಬ ಮಾವ ಹೀಗೇ ಕಳಚಿಬಿದ್ದ. ಯಾರಿಗೂ ಅವನು ಇಲ್ಲದ್ದು ಗೊತ್ತಾಗಲಿಲ್ಲ.

ಹೆಜ್ಜೆ 12: ಯಾರ ಬಾಯಿಂದ, ಯಾವ ಕ್ರಮದಲ್ಲಿ

ಕೊನೆಯಲ್ಲಿ ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿ ಪಿಎಸ್‌ಐ ಒಂದು ಗಂಟೆ ಭಾಷಣ ಮಾಡುವುದು ಬೇಡ. ಪಾಲುಪಟ್ಟಿ ಇದೆಯಲ್ಲ, ಅದನ್ನೇ ತೆಗೆದುಕೊಳ್ಳಿ. ಚಿಕ್ಕ ಪಾಲಿನವರು ಮೊದಲು, ದೊಡ್ಡ ಪಾಲಿನವರು ಆಮೇಲೆ. ಪುರೋಹಿತರ ಹೆಸರು, ರೈಟರ್‌ನ ಹೆಬ್ಬೆಟ್ಟು, ಗೇಣಿದಾರನ ಚಪ್ಪಡಿ, ಓರಗಿತ್ತಿಯ ಅಳು. ಪ್ರತಿಯೊಬ್ಬರೂ ತಮ್ಮ ಪಾಲನ್ನು ಮಾತ್ರ ಕೊಡಲಿ, ಪಕ್ಕದವರದ್ದನ್ನಲ್ಲ. ಯಜಮಾನ ಕೊನೆಯವರೆಗೂ ಒಪ್ಪಿಕೊಳ್ಳದಿದ್ದರೂ ನಡೆಯುತ್ತದೆ.

ಅಪರಾಧ ಯಾವುದು, ಯಾರ ಮೇಲೆ ಕೇಸು ನಿಲ್ಲುತ್ತದೆ ಅನ್ನುವುದನ್ನು ಪರಿಚಯದ ವಕೀಲರ ಹತ್ತಿರ ಕೂತು ಒಂದು ಸಂಜೆ ಮಾತಾಡಿ. ಕೊಲೆಗೆ ಕಾಲಮಿತಿ ಇಲ್ಲ. ಆದರೆ ಸಣ್ಣ ಶಿಕ್ಷೆಯ ಎಷ್ಟೋ ಅಪರಾಧಗಳಿಗೆ ಇದೆ. ನಲವತ್ತು ವರ್ಷದ ನಂತರ ಕಾನೂನು ಏನೂ ಮಾಡಲಾಗದ ಭಾಗವೇ ಕಥೆಗೆ ಜಾಸ್ತಿ ಬೇಕಾಗುತ್ತದೆ.

ಇನ್ನು ಚಿಕ್ಕಮ್ಮನ ಸ್ವಂತ ಹೆಸರು. ತವರಲ್ಲಿ ಇಟ್ಟ ಹೆಸರು. ನಲವತ್ತು ವರ್ಷದಿಂದ ಯಾರೂ ಕರೆದಿಲ್ಲ. ಮನೆಯಲ್ಲಿ ಅದು ಗೊತ್ತಿರುವುದು ಓರಗಿತ್ತಿಗೆ ಒಬ್ಬಳಿಗೇ, ಬಾಣಂತನದ ಆ ದಿನಗಳಿಂದ. ಇದನ್ನು ಹೇಳಿಕೆಯ ದೃಶ್ಯಕ್ಕೆ ಇಡಬೇಡಿ, ನ್ಯಾಯಾಲಯಕ್ಕಂತೂ ಬೇಡವೇ ಬೇಡ. ಪೊಲೀಸರು ಹೋದ ಮೇಲೆ, ರಾತ್ರಿ ಅಡಿಗೆಮನೆ ಬಳಿಯುವಾಗ, ಓರಗಿತ್ತಿ ಆ ಹೆಸರು ಹಿಡಿದು ಕರೆದು, ‘ಹಿತ್ಲ ಬಾಗ್ಲು ಹಾಕಿದ್ಯನೇ?’ ಅಂತ ಕೇಳಲಿ.